ಹಳೆಯ ಹಾಯಿದೋಣಿ ಕೊಳ್ಳುವ ಮುಂಚೆ, ಅದು ರಾತ್ರಿ ಎಲ್ಲಿ ಮಲಗುತ್ತದೆ ಕೇಳಿ

ಕಿವಿಸೇವರ್ ಯಾವ ಫಂಡ್‌ನಲ್ಲಿರಬೇಕು, ಎಫ್‌ಐಎಫ್ ತೆರಿಗೆ ಹೇಗೆ, ಬೆಂಗಳೂರಿನ ಸೈಟು ಮಾರಬೇಕೋ ಇಟ್ಟುಕೊಳ್ಳಬೇಕೋ. ನನಗೆ ಬರುವ ಪ್ರಶ್ನೆಗಳು ಸಾಮಾನ್ಯವಾಗಿ ಇವೇ. ಈ ಬೇಸಿಗೆಯಲ್ಲಿ ಮಾತ್ರ ಆಕ್ಲೆಂಡಿನ ಮೂವರು ಬೇರೆ ಬೇರೆಯಾಗಿ ಒಂದೇ ಪ್ರಶ್ನೆ ಕೇಳಿದರು. ಮಕ್ಕಳು ಸೈಲಿಂಗ್ ಕಲಿತಿದ್ದಾರೆ, ಟ್ರೇಡ್ ಮಿಯಲ್ಲಿ ಹಳೆಯ ಯಾಟ್‌ಗಳು ನಮ್ಮ ಕಾರಿಗಿಂತ ಅಗ್ಗಕ್ಕೆ ಸಿಗುತ್ತಿವೆ, ಒಂದು ಕೊಳ್ಳಬಹುದಾ?

ಕೊಳ್ಳಬಹುದು. ಆದರೆ ಟ್ರೇಲರ್ ಮೇಲೆ ಕೂರಿಸಿ ಮನೆಗೆ ತರಬಹುದಾದದ್ದನ್ನು ಮಾತ್ರ. ವರ್ಷಕ್ಕೆ ಹತ್ತು ಹದಿನೈದು ದಿನ ನೀರಿಗಿಳಿಯುವ ಸಂಸಾರಕ್ಕೆ ಮರೀನಾದಲ್ಲಿ ನಿಲ್ಲಿಸುವ ಬೋಟನ್ನು ಯಾರಾದರೂ ಬಿಟ್ಟಿ ಕೊಟ್ಟರೂ ಬೇಡ ಎನ್ನುವವನು ನಾನು.

ಮೊದಲು, ಇವು ಇಷ್ಟು ಅಗ್ಗ ಯಾಕೆ? ಎಪ್ಪತ್ತರ ದಶಕದಲ್ಲಿ ನ್ಯೂಜಿಲೆಂಡ್‌ನಲ್ಲಿ ಫೈಬರ್‌ಗ್ಲಾಸ್ ಬೋಟ್ ಕಟ್ಟುವ ಉದ್ಯಮ ಜೋರಾಗಿತ್ತು. 1979ರ ಬಜೆಟ್‌ನಲ್ಲಿ ಮಲ್ಡೂನ್ ಸರ್ಕಾರ ದೋಣಿ ಮತ್ತು ಕ್ಯಾರವಾನ್‌ಗಳ ಮೇಲೆ ಶೇ. 20 ಮಾರಾಟ ತೆರಿಗೆ ಹಾಕಿತು, ಉದ್ಯಮಕ್ಕೆ ದೊಡ್ಡ ಪೆಟ್ಟು ಬಿತ್ತು. ಆಗಿನ ಫೈಬರ್‌ಗ್ಲಾಸ್ ಬೋಟ್‌ಗಳು ಮಾತ್ರ ಸಾಯಲಿಲ್ಲ, ಮಾಲೀಕರಿಗೆ ವಯಸ್ಸಾಯಿತು. ನಾನು ನೋಡಲು ಹೋದ ಬೋಟ್‌ಗಳಲ್ಲಿ ಹೆಚ್ಚಿನವನ್ನು ಮಾರುತ್ತಿದ್ದವರು ಎಪ್ಪತ್ತು ದಾಟಿದ ದಂಪತಿ. ಅವರಿಗೆ ದುಡ್ಡಿಗಿಂತ ಮುಖ್ಯವಾದದ್ದು ತಿಂಗಳ ಬಾಡಿಗೆ ನಿಲ್ಲುವುದು. ಬೆಲೆ ಕಡಿಮೆ ಇರುವುದು ಯಾರೋ ಮೂರ್ಖರು ಎಂದಲ್ಲ. ಆ ಖರ್ಚಿನ ಸಾಲಿನಲ್ಲಿ ಮುಂದೆ ನಿಲ್ಲಲು ಒಬ್ಬರು ಬೇಕಾಗಿದ್ದಾರೆ, ಅಷ್ಟೇ.

ಲೆಕ್ಕ ಹಾಕೋಣ. ಇವು ಉದಾಹರಣೆಯ ಅಂಕಿಗಳು, ನಿಮ್ಮ ಊರಿನ ದರ ತುಂಬಿಕೊಳ್ಳಿ. ಲೋಟಸ್ 9.2 ಅಥವಾ ಎಚ್ 28ರಂಥ, ತಳದಲ್ಲಿ ಭಾರವಾದ ಕೀಲ್ ಇರುವ ಬೋಟ್ 18,000 ಡಾಲರ್ ಎಂದಿಟ್ಟುಕೊಳ್ಳಿ. ಮರೀನಾ ಬಾಡಿಗೆ ತಿಂಗಳಿಗೆ 650, ವರ್ಷಕ್ಕೆ 7,800. ಅದನ್ನು ನೀರಿನಿಂದ ಮೇಲೆತ್ತಿ, ಚಿಪ್ಪು ಪಾಚಿ ಹಿಡಿಯದಂತೆ ತಳಕ್ಕೆ ಆ್ಯಂಟಿಫೌಲಿಂಗ್ ಬಣ್ಣ ಬಳಿಯಲು 1,800. ವಿಮೆ 500. ರಿಪೇರಿಗೆ ತೆಗೆದಿಡುವುದು 2,000. ಆ 18,000 ಬ್ಯಾಂಕಿನಲ್ಲಿದ್ದರೆ ಬರಬಹುದಾದ ಶೇ. 5 ಬಡ್ಡಿ 900. ಒಟ್ಟು ವರ್ಷಕ್ಕೆ 13,000. ಹದಿನೈದು ದಿನ ಹೋದರೆ ದಿನಕ್ಕೆ ಸುಮಾರು 867 ಡಾಲರ್. ಇದನ್ನು ರೂಪಾಯಿಗೆ ಪರಿವರ್ತಿಸುವ ಚಟ ಇನ್ನೂ ಬಿಡದವರು ಈ ಸಾಲನ್ನು ದಾಟಿ ಮುಂದೆ ಓದಿ.

ಈಗ 12,000 ಡಾಲರಿನ ಟ್ರೇಲರ್ ಯಾಟ್. ಬಡ್ಡಿ 600, ವಿಮೆ 300, ಟ್ರೇಲರಿನ ರಿಜಿಸ್ಟ್ರೇಷನ್, ವಾರಂಟ್, ಟೈರು 300, ರಿಪೇರಿ 1,000, ಪೆಟ್ರೋಲು ಮತ್ತು ರ‍್ಯಾಂಪ್ ಖರ್ಚು 600. ಒಟ್ಟು 2,800, ದಿನಕ್ಕೆ 187. ಐದು ವರ್ಷದಲ್ಲಿ ಎರಡಕ್ಕೂ ಇರುವ ಅಂತರ 51,000 ಡಾಲರ್. ಕೊಳ್ಳುವ ಬೆಲೆಯಲ್ಲಿದ್ದ ವ್ಯತ್ಯಾಸ ಬರೀ ಆರು ಸಾವಿರ! ಎರಡು ಸಾವಿರ ಇಳಿಸಲು ವಾರಗಟ್ಟಲೆ ಚೌಕಾಸಿ ಮಾಡುವ ನಮ್ಮವರು ಬರ್ತ್ ಬಾಡಿಗೆಯ ಬಗ್ಗೆ ಒಂದು ಫೋನ್ ಮಾಡುವುದಿಲ್ಲ.

ಮಧ್ಯದ ದಾರಿ ಮೂರಿಂಗ್, ಅಂದರೆ ಸಮುದ್ರದ ತಳದಲ್ಲಿ ಕೂರಿಸಿದ ಭಾರಕ್ಕೆ ಸರಪಳಿಯಲ್ಲಿ ಬೋಟ್ ಕಟ್ಟುವುದು. ಮರೀನಾಗಿಂತ ಅಗ್ಗ ನಿಜ. ಆದರೆ ಅದಕ್ಕೆ ಲೈಸೆನ್ಸ್ ಬೇಕು, ಸರಪಳಿಯ ತಪಾಸಣೆ ಮಾಡಿಸಬೇಕು, ಪ್ರತಿ ಸಲ ಚಿಕ್ಕ ದೋಣಿಯಲ್ಲಿ ಹುಟ್ಟು ಹಾಕಿಕೊಂಡು ಹೋಗಬೇಕು. ಐದು ವರ್ಷದ ಮಗು, ಪುಳಿಯೋಗರೆ ಡಬ್ಬಿ, ಎರಡು ಬ್ಯಾಗು ಹಿಡಿದು ಗಾಳಿಯಲ್ಲಿ ಅದನ್ನು ಒಮ್ಮೆ ಮಾಡಿ ನೋಡಿ. ರಾತ್ರಿ ಬಿರುಗಾಳಿ ಬಂದಾಗ ನಿದ್ದೆ ಕೆಡುವುದಕ್ಕೆ ಬೆಲೆ ಕಟ್ಟುವ ಕಾಲಂ ನನ್ನ ಎಕ್ಸೆಲ್ ಶೀಟಿನಲ್ಲಿ ಇಲ್ಲ.

ಟ್ರೇಲರ್ ಯಾಟ್‌ಗಳಲ್ಲಿ ಇಲ್ಲಿಯದೇ ಒಳ್ಳೆಯ ಹೆಸರುಗಳಿವೆ: ನೋಯೆಲೆಕ್ಸ್ 22, ಬ್ರೂಸ್ ಫಾರ್ ವಿನ್ಯಾಸದ ಫಾರ್ 6000, ಇನ್ನೂ ಚಿಕ್ಕದು ಸಾಕೆಂದರೆ ರಿಚರ್ಡ್ ಹಾರ್ಟ್ಲಿಯ ಹದಿನಾರು ಅಡಿಯದು. ಹಾರ್ಟ್ಲಿ ಪ್ಲೈವುಡ್ ಬೋಟ್, ಎಷ್ಟೋ ಜನ ಮನೆಯಲ್ಲೇ ಕಟ್ಟಿಕೊಂಡದ್ದು. ಬೆಲೆ ಕೇಳಿ ಮರುಳಾಗುವ ಮೊದಲು ಮರ ಕೊಳೆತಿದೆಯೇ ನೋಡಬೇಕು. ಒಳಗೆ ನೆಟ್ಟಗೆ ನಿಲ್ಲುವಷ್ಟು ಎತ್ತರ ಯಾವುದರಲ್ಲೂ ಇಲ್ಲ. ಟಾಯ್ಲೆಟ್ ಎಂದರೆ ಒಂದು ಪ್ಲಾಸ್ಟಿಕ್ ಪೆಟ್ಟಿಗೆ. ಇದನ್ನು ಮನೆಯವರಿಗೆ ಮೊದಲೇ ಹೇಳಿ, ಬೋಟ್ ನೋಡಲು ಅವರನ್ನೂ ಕರೆದುಕೊಂಡು ಹೋಗಿ. ಹೆಂಡತಿ ಅಥವಾ ಗಂಡ ಎರಡನೇ ಸಲ ಹತ್ತದ ಬೋಟಿನ ದಿನದ ಖರ್ಚು ಎಷ್ಟೆಂದು ಲೆಕ್ಕ ಹಾಕಲಾಗದು.

ಪ್ರತಿ ಸಲ ಕೂವೆಮರ ಎತ್ತಿ ನಿಲ್ಲಿಸಿ ಹಗ್ಗ ಕಟ್ಟಲು ಒಂದು ಗಂಟೆ ಹೋಗುತ್ತದೆ ಎನ್ನುವುದೂ ನಿಜ. ಬದಲಿಗೆ ಸಿಗುವುದೇನು? ಈ ವಾರ ಸ್ಯಾಂಡ್‌ಸ್ಪಿಟ್‌ನಲ್ಲಿ ಇಳಿಸಿ ಕವಾವು ದ್ವೀಪಕ್ಕೆ, ಗವರ್ನರ್ ಜಾರ್ಜ್ ಗ್ರೇ ಇದ್ದ ಮನೆಯ ಮುಂದಿನ ಕೊಲ್ಲಿಗೆ. ಈಸ್ಟರ್‌ಗೆ ಟೌಪೊ ಸರೋವರ. ಕ್ರಿಸ್‌ಮಸ್‌ಗೆ ಬೇ ಆಫ್ ಐಲೆಂಡ್ಸ್. ಮರೀನಾದ ಬೋಟಿಗೆ ಅಲ್ಲಿಗೆ ಹೋಗಲು ಗಾಳಿ ನೋಡಿ ದಿನಗಟ್ಟಲೆ ಬೇಕು. ನಮ್ಮದು ಎದುರುಗಾಳಿಯಲ್ಲೂ ಗಂಟೆಗೆ 90 ಕಿಲೋಮೀಟರ್ ಓಡುತ್ತದೆ, ಟ್ರೇಲರ್ ಎಳೆಯುವಾಗಿನ ವೇಗಮಿತಿ ಅದೇ.

ಮರೆಯುವ ಖರ್ಚು ಒಂದಿದೆ, ಕಾರು. ನಮ್ಮವರ ಎಷ್ಟೋ ಮನೆಗಳಲ್ಲಿರುವ ಟೊಯೋಟಾ ಆಕ್ವಾ ಇದನ್ನು ಎಳೆಯುವುದಿಲ್ಲ. ಬೋಟಿಗೋಸ್ಕರ ಕಾರು ಬದಲಿಸುವುದಾದರೆ ಅದನ್ನೂ ಬೋಟಿನ ಬೆಲೆಗೆ ಸೇರಿಸಿ. ನಿಲ್ಲಿಸುವ ಜಾಗವೂ ಬೇಕು. ಒಂದೇ ಪಾರ್ಕಿಂಗ್ ಇರುವ ಟೌನ್‌ಹೌಸ್‌ನಲ್ಲಿದ್ದರೆ ನನ್ನ ವಾದ ಅರ್ಧ ಬಿದ್ದುಹೋಗುತ್ತದೆ, ಕೆಲವು ಹೊಸ ಬಡಾವಣೆಗಳ ಕರಾರಿನಲ್ಲಿ ಮನೆ ಮುಂದೆ ಬೋಟ್ ಇಡುವಂತೆಯೇ ಇಲ್ಲ. ಅಂಥವರು ಬೇಸಿಗೆಯಲ್ಲಿ ಎರಡು ಸಲ ಬಾಡಿಗೆ ಬೋಟ್ ತೆಗೆದುಕೊಳ್ಳುವುದೇ ಲಾಭ. ಇನ್ನೊಂದು ಕುಟುಂಬದ ಜೊತೆ ಪಾಲುದಾರಿಕೆಯೂ ಆದೀತು, ಆದರೆ ಒಬ್ಬರು ಸಿಡ್ನಿಗೆ ಹೊರಟರೆ ಪಾಲು ಯಾರು ಎಷ್ಟಕ್ಕೆ ಕೊಳ್ಳಬೇಕು ಎಂದು ಮೊದಲೇ ಬರೆದುಕೊಳ್ಳಿ. ಕನ್ನಡ ಕೂಟದ ಗೆಳೆತನ ಬೇರೆ, ಕಾಗದ ಬೇರೆ.

ಕಾಗದ ಎಂದಾಗ ನೆನಪಾಯಿತು. ನ್ಯೂಜಿಲೆಂಡ್‌ನಲ್ಲಿ ಮನರಂಜನೆಯ ಬೋಟಿಗೆ ಕಾರಿನಂತೆ ಕಡ್ಡಾಯ ನೋಂದಣಿ ಇಲ್ಲ, ಓಡಿಸಲು ಲೈಸೆನ್ಸೂ ಬೇಡ. ಮಾರುವವನೇ ಮಾಲೀಕ ಎನ್ನುವುದಕ್ಕೆ ಆರ್‌ಸಿ ಬುಕ್ ತರಹದ್ದು ಸಿಗುವುದಿಲ್ಲ. ಆದ್ದರಿಂದ ಪಿಪಿಎಸ್‌ಆರ್ ದಾಖಲೆಯಲ್ಲಿ ಅವರ ಹೆಸರಿನ ಮೇಲೆ, ಟ್ರೇಲರಿನ ನಂಬರಿನ ಮೇಲೆ ಸಾಲ ಇದೆಯೇ ಹುಡುಕಿ, ಕೆಲವೇ ಡಾಲರಿನ ಕೆಲಸ. ಖಾಸಗಿ ಮಾರಾಟಕ್ಕೆ ಕನ್ಸ್ಯೂಮರ್ ಗ್ಯಾರಂಟೀಸ್ ಕಾಯ್ದೆ ಅನ್ವಯಿಸುವುದಿಲ್ಲ ಎಂಬುದೂ ನೆನಪಿರಲಿ. ಕೊಂಡ ಮೇಲೆ ಬಿರುಕು ಕಂಡರೆ ಹಣ ಹಿಂದೆ ಪಡೆಯುವುದು ಸುಲಭವಲ್ಲ.

ಹಾಗಾಗಿ ಮೊದಲೇ ನೋಡಬೇಕು. ಡೆಕ್ ಮೇಲೆ ನಡೆಯಿರಿ, ಕಾಲಡಿ ಮೆತ್ತಗೆನಿಸಿದರೆ ಒಳಗೆ ನೀರು ಸೇರಿದೆ. ತೆಂಗಿನಕಾಯಿ ತಟ್ಟಿ ನೋಡುವ ಹಾಗೆ ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಹೋಗಿ, ಗಟ್ಟಿ ಸದ್ದು ಮಂಕಾದ ಜಾಗದಲ್ಲಿ ನಿಲ್ಲಿ. ಕೂವೆಮರ ಹಿಡಿದ ಉಕ್ಕಿನ ತಂತಿಗಳು ಯಾವ ವರ್ಷದವು ಕೇಳಿ. ಹಳೆಯವಾದರೆ ವಿಮೆಯವರೇ ಬದಲಿಸು ಎನ್ನಬಹುದು. ಟ್ರೇಲರಿನ ಸ್ಪ್ರಿಂಗು, ಬೇರಿಂಗು ಉಪ್ಪುನೀರಿಗೆ ಮೊದಲು ಬಲಿಯಾಗುವ ಭಾಗಗಳು. ಎಂಜಿನ್ ಹೊರಗೆ ತೂಗುಹಾಕುವ ಔಟ್‌ಬೋರ್ಡ್ ಆಗಿರಲಿ, ಕೆಟ್ಟರೆ ಬಿಚ್ಚಿ ಬೇರೆಯದು ಹಾಕಬಹುದು. ಒಳಗೆ ಕೂರಿಸಿದ ಹಳೆಯ ಡೀಸೆಲ್ ಎಂಜಿನ್ ಕೈಕೊಟ್ಟರೆ ಮೂಗಿಗಿಂತ ಮೂಗುತಿ ಭಾರ.

ಉಳಿತಾಯ ಮಾಡಬಾರದ ಜಾಗವೂ ಇದೆ. ಬೋಟಿನಲ್ಲಿರುವ ಪ್ರತಿಯೊಬ್ಬರ ಅಳತೆಗೆ ಲೈಫ್‌ಜಾಕೆಟ್ ಇರಬೇಕೆಂಬುದು ಕಾನೂನು. ಅಣ್ಣನದು ತಮ್ಮನಿಗೆ ಸರಿಹೋಗುತ್ತದೆ ಎನ್ನುವುದು ಬಟ್ಟೆಗೆ ಸರಿ, ಇದಕ್ಕಲ್ಲ. ಒಂದು ವಿಎಚ್‌ಎಫ್ ರೇಡಿಯೋ, ಕೋಸ್ಟ್‌ಗಾರ್ಡ್ ಸದಸ್ಯತ್ವ, ಅವರ ಡೇ ಸ್ಕಿಪ್ಪರ್ ಕೋರ್ಸ್. ಅದಕ್ಕೂ ಮೊದಲು ಈಜು. ಮಕ್ಕಳಿಗೆ ಬರುತ್ತದೆ, ನನಗೆ ಗೊತ್ತು. ನಾನು ಹೇಳುತ್ತಿರುವುದು ತುಮಕೂರು, ದಾವಣಗೆರೆಯಲ್ಲಿ ಬೆಳೆದು ಈಗ ನಲವತ್ತು ದಾಟಿರುವ ಅಪ್ಪ ಅಮ್ಮಂದಿರ ವಿಷಯ. ನಿಮ್ಮ ಈಜಿನ ಕ್ಲಾಸಿನ ಫೀಸನ್ನು ಬೋಟಿನ ಬಜೆಟ್ಟಿನ ಮೊದಲ ಸಾಲಿನಲ್ಲೇ ಬರೆಯಿರಿ.

ಯಾವಾಗ ಕೊಳ್ಳಬೇಕು? ಈಗಲ್ಲ. ಜನವರಿ ಕೊನೆಯ ಆನಿವರ್ಸರಿ ರೆಗಟ್ಟಾ ನೋಡಿ ಬಂದವರೆಲ್ಲ ಫೆಬ್ರವರಿಯಲ್ಲಿ ಹುಡುಕುತ್ತಾರೆ. ಮೇ, ಜೂನ್‌ನಲ್ಲಿ ಮಳೆ ಶುರುವಾಗಿ, ಇನ್ನೊಂದು ಚಳಿಗಾಲ ಟಾರ್ಪಾಲಿನ್ ಹೊದಿಸಿ ಕಾಯಬೇಕಲ್ಲ ಎಂದು ಮಾರುವವರಿಗೆ ಅನಿಸುವಾಗ ಹೋಗಿ. ಮಳೆ ಬಂದ ಮರುದಿನವೇ ಹೋದರೆ ಇನ್ನೂ ಒಳ್ಳೆಯದು, ಎಲ್ಲೆಲ್ಲಿ ಸೋರುತ್ತದೆ ಎಂದು ಬೋಟೇ ತೋರಿಸುತ್ತದೆ.