ಚಿಲಿಕಾ ಸರೋವರದ ಪ್ಲವಕಗಳು ಮತ್ತು ಪೋಷಕಾಂಶಗಳ ಸ್ಥಿತಿ: ಸಿಗಡಿ ಕೃಷಿ ಅರ್ಜಿದಾರರ ಮಾಹಿತಿಗಾಗಿ

ಕರಾವಳಿಯಲ್ಲಿ ಸಿಗಡಿ ಕೊಳಗಳಿಗೆ ನೋಂದಣಿ ಕೋರುವ ಅರ್ಜಿದಾರರು, ಕೊಳದಿಂದ ಹೊರಬಿಡುವ ನೀರಿನ ವಿಲೇವಾರಿ ಬಗ್ಗೆ ವಿವರ ಕೇಳುವುದೇಕೆಂದು ಪ್ರಶ್ನಿಸುವುದು ಸಾಮಾನ್ಯವಾಗಿದೆ. ಈ ಪ್ರಶ್ನೆಗೆ ಒಡಿಶಾ ರಾಜ್ಯದ ಚಿಲಿಕಾ ಸರೋವರದ ಅನುಭವವು ತಕ್ಕ ಉತ್ತರ ನೀಡುತ್ತದೆ.

ಸಿಹಿನೀರು ಮತ್ತು ಉಪ್ಪುನೀರು ಬೆರೆಯುವ ಈ ಸರೋವರವು 1981ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಸುಮಾರು 2 ಲಕ್ಷ ಮೀನುಗಾರರ ಜೀವನೋಪಾಯವು ಇದನ್ನು ಅವಲಂಬಿಸಿದೆ. ಈ ಮೀನುಗಾರಿಕೆಗೆ ಮೂಲಾಧಾರವೆಂದರೆ ಬರಿಗಣ್ಣಿಗೆ ಕಾಣದ ಸಸ್ಯ ಪ್ಲವಕಗಳು. ಅವುಗಳನ್ನು ಪ್ರಾಣಿ ಪ್ಲವಕಗಳು ತಿನ್ನುತ್ತವೆ. ಇವೆರಡನ್ನೂ ಮೀನು ಹಾಗೂ ಸಿಗಡಿ ಮರಿಗಳು ತಿಂದು ಬೆಳೆಯುತ್ತವೆ.

ಸಸ್ಯ ಪ್ಲವಕಗಳಿಗೆ ಸಾರಜನಕ, ರಂಜಕ ಮತ್ತು ಸಿಲಿಕೇಟ್ ಬೇಕು. ಇವುಗಳನ್ನು ಜಮಾ-ಖರ್ಚಿನ ಲೆಕ್ಕದಂತೆ ಪರಿಶೀಲಿಸುವುದು ಸೂಕ್ತ. ದಯಾ, ಭಾರ್ಗವಿ ಮುಂತಾದ ಮಹಾನದಿಯ ಕವಲುಗಳು ಮಳೆಗಾಲದಲ್ಲಿ ತರುವ ಸಿಲಿಕೇಟ್ ಡಯಾಟಮ್‌ಗಳಿಗೆ ಹಿತಕರವಾದುದು. ಆದರೆ ಅದೇ ನೀರಿನೊಂದಿಗೆ ಹೊಲಗಳ ರಸಗೊಬ್ಬರ ಹಾಗೂ ಭುವನೇಶ್ವರ ನಗರದ ಕೊಳಚೆಯೂ ಜಮೆಯಾಗುತ್ತವೆ. ಸಿಗಡಿ ಕೊಳಗಳ ಉಳಿಕೆ ಮೇವು ಇದಕ್ಕೆ ಸೇರ್ಪಡೆ. ಖರ್ಚಿನ ಬಾಬು ಮುಖ್ಯವಾಗಿ ಒಂದೇ: ಅಳಿವೆಯ ಮೂಲಕ ಸಮುದ್ರಕ್ಕೆ ಹೋಗುವ ನೀರು. ಜಮೆ ಹೆಚ್ಚಿ ಖರ್ಚು ನಿಂತರೆ ಡಯಾಟಮ್‌ಗಳ ಸ್ಥಾನವನ್ನು ನೀಲಿ-ಹಸಿರು ಪಾಚಿ ಆಕ್ರಮಿಸುವ ಸಂಭವವಿರುತ್ತದೆ. ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಕುಸಿದು ಮೀನುಗಳು ಉಸಿರುಗಟ್ಟಿ ಸಾಯುತ್ತವೆ.

ಚಿಲಿಕಾದಲ್ಲಿ ಖರ್ಚಿನ ಬಾಗಿಲೇ ಮುಚ್ಚುತ್ತ ಬಂದಿತ್ತು. ಮರಳು ಮತ್ತು ಹೂಳು ತುಂಬಿ ಅಳಿವೆ ಕಿರಿದಾದ ಕಾರಣ ಲವಣಾಂಶ ಇಳಿಯಿತು, ಸಿಹಿನೀರಿನ ಕಳೆ ಹಬ್ಬಿತು. 1993ರಲ್ಲಿ ಸರೋವರವನ್ನು ಅಪಾಯದಲ್ಲಿರುವ ಜೌಗು ಪ್ರದೇಶಗಳ ಮಾಂಟ್ರೂ ದಾಖಲೆಗೆ ಸೇರಿಸಲಾಯಿತು. ಸೆಪ್ಟೆಂಬರ್ 2000ದಲ್ಲಿ ಹೊಸ ಅಳಿವೆ ತೆರೆಯಲಾಗಿ, ವಾರ್ಷಿಕ ಮೀನು ಇಳುವರಿಯು ಎರಡೇ ವರ್ಷಗಳಲ್ಲಿ ಹಲವು ಪಟ್ಟು ಹೆಚ್ಚಿತು. 2002ರಲ್ಲಿ ಸರೋವರವು ಸದರಿ ದಾಖಲೆಯಿಂದ ಹೊರಬಂದಿತು.

ಆದಾಗ್ಯೂ ಹೊಸ ಅಳಿವೆಯು ಖರ್ಚಿನ ಬಾಗಿಲನ್ನು ತೆರೆದಿತೇ ಹೊರತು ಜಮೆಯನ್ನು ಕಡಿಮೆ ಮಾಡಲಿಲ್ಲ. ಅಳಿವೆಯಿಂದ ದೂರವಿರುವ ಉತ್ತರ ಭಾಗದಲ್ಲಿ ನದಿನೀರಿನ ಪ್ರಭಾವ ಇಂದಿಗೂ ಪ್ರಬಲವಾಗಿದೆ. ಇಳುವರಿಯ ಅಂಕಿಅಂಶವನ್ನು ಮಾತ್ರ ನೋಡಿ ಸರೋವರ ಸುರಕ್ಷಿತವೆಂದು ಭಾವಿಸುವುದು ಸರಿಯಲ್ಲ. ಚಿಲಿಕಾ ಮತ್ತು ಪುಲಿಕಾಟ್ ಸರೋವರಗಳಿಂದ 1,000 ಮೀಟರ್ ಒಳಗೆ ಸಿಗಡಿ ಕೊಳ ನಿರ್ಮಿಸಬಾರದೆಂದು ಮಾನ್ಯ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ಆದೇಶಿಸಿತು. ತರುವಾಯ ಕರಾವಳಿ ಜಲಕೃಷಿ ಪ್ರಾಧಿಕಾರ ಅಧಿನಿಯಮ, 2005 ಜಾರಿಗೆ ಬಂದು ನೋಂದಣಿ ಕಡ್ಡಾಯವಾಯಿತು. 2023ರಲ್ಲಿ ಇದಕ್ಕೆ ತಿದ್ದುಪಡಿಯಾಗಿದೆ.

ಕರ್ನಾಟಕದ ಅಘನಾಶಿನಿ ಅಳಿವೆಯು 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದೆ. ಅಲ್ಲಿನ ಗಜನಿ ಭೂಮಿಯಲ್ಲಿ ಕಗ್ಗ ಭತ್ತದೊಂದಿಗೆ ಸಿಗಡಿ ಬೆಳೆಯುವುದು ಹಳೆಯ ಪದ್ಧತಿ. ಒಬ್ಬರ ಕೊಳದ ನೀರು ಅದೇ ಅಳಿವೆಯಲ್ಲಿ ಚಿಪ್ಪು ಆಯುವವರ ಹಾಗೂ ಬಲೆ ಬೀಸುವವರ ನೀರೂ ಆಗಿರುವುದರಿಂದ, ಅರ್ಜಿದಾರರು ನೀರಿನ ಮೂಲ ಮತ್ತು ತ್ಯಾಜ್ಯ ನೀರಿನ ವಿಲೇವಾರಿ ಕುರಿತ ಅಂಕಣಗಳನ್ನು ಖಾಲಿ ಬಿಡದೆ ಭರ್ತಿ ಮಾಡತಕ್ಕದ್ದು.