ಕಲ್ಲಿನೊಳಗಣ ಎಣ್ಣೆ

ಆಗದ ಕೆಲಸವನ್ನು ಕುರಿತು ‘ಮರಳನ್ನು ಹಿಂಡಿ ಎಣ್ಣೆ ತೆಗೆದಂತೆ’ ಎನ್ನುವುದು ನಮ್ಮಲ್ಲಿ ವಾಡಿಕೆ. ಮರಳಿನ ಮಾತು ಹಾಗಿರಲಿ, ಕಲ್ಲಿನಿಂದ ಎಣ್ಣೆ ತೆಗೆಯುವ ದೇಶಗಳುಂಟು. ಆಯಿಲ್ ಶೇಲ್ ಎಂಬ ಪದರಗಲ್ಲಿನಲ್ಲಿ ಪುರಾತನ ಜೀವಿಗಳ ಅವಶೇಷವು ಕೆರೋಜನ್ ಎಂಬ ಘನವಸ್ತುವಾಗಿ ಅಡಗಿದೆ. ಕಲ್ಲನ್ನು ಸುಮಾರು 500 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ಅದು ಆವಿಯಾಗಿ, ತಣಿದು, ಎಣ್ಣೆಯಾಗುತ್ತದೆ. ಆದರೆ ರಾಶಿ ರಾಶಿ ಕಲ್ಲನ್ನು ನೆಲದೊಳಗಿಂದ ಅಗ್ಗವಾಗಿ ತರುವ ಬಗೆ ಯಾವುದು?

ಈ ಪ್ರಶ್ನೆಯ ಭಾರವನ್ನು ಅರಿಯಲು ನಾವು ದೂರ ಹೋಗಬೇಕಾಗಿಲ್ಲ. ರಾಜಾಜಿನಗರದಿಂದ ಸುಮಾರು 100 ಕಿಲೋಮೀಟರು ಪೂರ್ವಕ್ಕೆ ಕೋಲಾರದ ಚಿನ್ನದ ಗಣಿಗಳ ನೆಲವಿದೆ. 1880ರಲ್ಲಿ ಜಾನ್ ಟೇಲರ್ ಕಂಪೆನಿ ಅಲ್ಲಿ ಕಾಲಿಟ್ಟಿತು. ಮುಂದೆ ಚಾಂಪಿಯನ್ ರೀಫ್ ಗಣಿಯು 3 ಕಿಲೋಮೀಟರಿಗೂ ಮಿಕ್ಕಿದ ಆಳಕ್ಕೆ ಇಳಿಯಿತು. ಆಳ ಹೆಚ್ಚಿದಂತೆ ಬಂಡೆಯು ಮೇಲಿನ ಒತ್ತಡವನ್ನು ತಾಳಲಾರದೆ ಸಿಡಿಯತೊಡಗಿತು. ಆ ಸಿಡಿತಕ್ಕೆ ಬಲಿಯಾದವರು ಕೆಳಗೆ ದುಡಿಯುತ್ತಿದ್ದ ಕಾರ್ಮಿಕರು. ಮರದ ಆಸರೆ ಸಾಲದೆ, ಅದಿರು ತೆಗೆದ ಪೊಳ್ಳಿನಲ್ಲಿ ಗ್ರಾನೈಟ್ ಗೋಡೆಗಳನ್ನು ಕಟ್ಟಿದರು. ಬಳಿಕ ಕಾಂಕ್ರೀಟನ್ನು ತುಂಬಿದರು. ಬಹುಕಾಲ ಈ ವೆಚ್ಚವನ್ನೆಲ್ಲ ಚಿನ್ನವೇ ಹೊತ್ತಿತು. ಅದಿರು ಬಡವಾದಾಗ ಹೊರಲಾರದೆ ಹೋಯಿತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು.

ಇನ್ನು ಟನ್ನಿಗೆ ನೂರು ಲೀಟರು ಎಣ್ಣೆ ಕೊಟ್ಟರೆ ಒಳ್ಳೆಯದೆನಿಸುವ ಈ ಕಲ್ಲು ಗ್ರಾನೈಟ್ ಗೋಡೆಗಳ ವೆಚ್ಚವನ್ನು ಹೊತ್ತೀತೆ? ಆದ್ದರಿಂದಲೇ ಎಸ್ಟೋನಿಯಾ ದೇಶದವರು ಬೇರೊಂದು ದಾರಿಯನ್ನು ಹಿಡಿದರು. ಅಲ್ಲಿ ಸುಮಾರು 3 ಮೀಟರು ದಪ್ಪದ ಪದರವು ಹೆಚ್ಚು ಆಳದಲ್ಲಿಲ್ಲ. ಅದರೊಳಗೆ ಕೋಣೆಗಳನ್ನು ಕೊರೆದು, ನಡುನಡುವೆ ಆ ಕಲ್ಲನ್ನೇ ಕಂಬಗಳಾಗಿ ಉಳಿಸುತ್ತಾರೆ. ಹೆಚ್ಚುಕಡಿಮೆ ಕಾಲುಭಾಗ ಕಲ್ಲು ಹೀಗೆ ಒಳಗೇ ನಿಲ್ಲುತ್ತದೆ. ಅಮೆರಿಕದ ಕೊಲರಾಡೋದಲ್ಲಿ 1970ರ ದಶಕದಲ್ಲಿ ಮತ್ತೊಂದು ಉಪಾಯ ನಡೆಯಿತು: ಸ್ವಲ್ಪ ಕಲ್ಲನ್ನಷ್ಟೇ ಹೊರತಂದು, ಉಳಿದುದನ್ನು ನೆಲದೊಳಗೇ ಸಿಡಿಸಿ ಚೂರುಮಾಡಿ, ಅಲ್ಲಿಯೇ ಉರಿಸಿ ಎಣ್ಣೆಯನ್ನು ಬಸಿದುಕೊಂಡರು. ಎಣ್ಣೆಯೇನೋ ಬಂದಿತು, ವ್ಯಾಪಾರ ಮಾತ್ರ ನಿಲ್ಲಲಿಲ್ಲ.

ಒಳಗೇ ಉಳಿದ ಕಂಬ ನಷ್ಟವಲ್ಲವೆ ಎಂದು ಯಾರಾದರೂ ಕೇಳಬಹುದು. ಲೆಕ್ಕದ ಪುಸ್ತಕದಲ್ಲಿ ಅದು ನಷ್ಟವೇ ಸರಿ. ಆದರೆ ದುಡಿಯುವವನ ತಲೆಯ ಮೇಲಣ ಛಾವಣಿಯನ್ನು ಹೊತ್ತು ನಿಂತಿರುವುದು ಆ ಕಂಬ. ಅದನ್ನು ಕೆತ್ತಿ ಗಳಿಸಿದ ಲಾಭವು ಅವನ ಪ್ರಾಣದಿಂದ ತಂದ ಸಾಲ. ಗಣಿಗಾರಿಕೆಯಲ್ಲಿ ಅಗ್ಗವೆಂದರೇನೆಂದು ನಿಶ್ಚಯಿಸುವಾಗ ಆ ಸಾಲವನ್ನೂ ಲೆಕ್ಕಕ್ಕೆ ಹಿಡಿಯುವುದು ನ್ಯಾಯ.