ಕೆಂಪು ಗೆರೆಯ ಮಾತು

ಕಳೆದ ತಿಂಗಳು ನಮ್ಮ ನೆರೆಮನೆಯ ತಾಯಿಯೊಬ್ಬರು ಬಂದು, "ಮಗುವಿಗೆ ನೆಗಡಿ, ಮೈಯೂ ಬಿಸಿಯಾಗಿದೆ. ಹೋದ ಸಲ ನೀವು ತಂದಿದ್ದ ಗುಳಿಗೆ ಉಳಿದಿದ್ದರೆ ಎರಡು ಕೊಡಿರಮ್ಮ" ಎಂದರು. ಹೆಪ್ಪಿಗೆ ಮಜ್ಜಿಗೆ ಕೇಳುವಷ್ಟೇ ಸಲುಗೆಯಿಂದ ಕೇಳಿದರು. ನಾವು ಇಲ್ಲವೆಂದೆವು. ಅವರ ಮುಖ ಬಾಡಿತು. ಹಿಂದೆ ಹೀಗೆಯೇ ಕೊಟ್ಟವರೂ ಕೇಳಿದವರೂ ನಾವೇ ಆದುದರಿಂದ, ನಿರಾಕರಣೆಗೆ ಕಾರಣವನ್ನು ಸೋದರಿಯರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಆ ಗುಳಿಗೆ ಆಂಟಿಬಯಾಟಿಕ್. ಅದು ಬ್ಯಾಕ್ಟೀರಿಯಾಗಳನ್ನು ಮಾತ್ರ ಕೊಲ್ಲಬಲ್ಲುದು. ನೆಗಡಿಯಾದರೋ ವೈರಸ್ಸಿನಿಂದ ಬರತಕ್ಕದ್ದು. ಅದರ ಮೇಲೆ ಈ ಔಷಧದ ಆಟ ನಡೆಯದು. ಆದರೆ ಮೈಯಲ್ಲಿರುವ ಇತರ ಬ್ಯಾಕ್ಟೀರಿಯಾಗಳಲ್ಲಿ ದುರ್ಬಲವಾದವು ಸತ್ತು, ಔಷಧಕ್ಕೆ ಜಗ್ಗದವು ಉಳಿದು ವೃದ್ಧಿಯಾಗುವುವು. ಒಬ್ಬರಿಂದೊಬ್ಬರಿಗೆ ಹರಡಲೂ ಬಲ್ಲವು. ಮುಂದೆ ನಿಜವಾದ ಸೋಂಕು ತಗಲಿದಾಗ ಅದೇ ಗುಳಿಗೆ ಕೈಕೊಡುವುದು. ಪೆನಿಸಿಲಿನ್ನನ್ನು ಕಂಡುಹಿಡಿದ ಫ್ಲೆಮಿಂಗ್ ಮಹಾಶಯರು 1945ರಲ್ಲಿ ನೊಬೆಲ್ ಪಾರಿತೋಷಕ ಪಡೆದಾಗಲೇ ಈ ಎಚ್ಚರಿಕೆಯನ್ನು ಕೊಟ್ಟಿದ್ದರು. ಔಷಧಕ್ಕೆ ಮಣಿಯದ ಸೋಂಕುಗಳ ನೇರ ಪರಿಣಾಮವಾಗಿ 2019ರಲ್ಲಿ ಲೋಕದಲ್ಲಿ 12 ಲಕ್ಷಕ್ಕೂ ಹೆಚ್ಚು ಜನ ಮೃತರಾದರೆಂದು ತಜ್ಞರು ಅಂದಾಜು ಮಾಡಿದ್ದಾರೆ.

ಇಷ್ಟು ತಿಳಿದೂ ಅಭ್ಯಾಸ ಬಿಡದೇಕೆ? ತಾಯಂದಿರು ಒತ್ತಾಯಿಸುವರೆಂದು ವೈದ್ಯರು, ವೈದ್ಯರೇ ಬರೆದುಕೊಡುವರೆಂದು ತಾಯಂದಿರು, ತಾನು ಕೊಡದಿದ್ದರೆ ಪಕ್ಕದ ಅಂಗಡಿಯವನು ಕೊಡುವನೆಂದು ಔಷಧದ ಅಂಗಡಿಯವನು! ಹೊಣೆ ಮೂವರಲ್ಲಿ ಹಂಚಿ ಯಾರದೂ ಅಲ್ಲವಾಗಿದೆ.

ಈ ಗಂಟನ್ನು ಬಿಡಿಸಲು ಫ್ರಾನ್ಸ್ ದೇಶದವರು ಮಾಡಿದ ಯತ್ನ ಗಮನಾರ್ಹವಾದುದು. ಯೂರೋಪಿನಲ್ಲಿ ಅತಿ ಹೆಚ್ಚು ಆಂಟಿಬಯಾಟಿಕ್ ನುಂಗುವವರಲ್ಲಿ ಅವರೂ ಸೇರಿದ್ದರು. 2002ರಿಂದ ಪ್ರತಿ ಚಳಿಗಾಲದಲ್ಲಿಯೂ ಒಂದೇ ಮಾತನ್ನು ಸಾರಿದರು: ಆಂಟಿಬಯಾಟಿಕ್ ಎಂಬುದು ಯೋಚಿಸದೆ ಕೊಡುವ ಔಷಧವಲ್ಲ. ಅವರ ಭಾಷೆಯಲ್ಲಿ ಅದು ಪ್ರಾಸವುಳ್ಳ ಚಿಕ್ಕ ವಾಕ್ಯ. ಮಕ್ಕಳ ಬಾಯಲ್ಲಿಯೂ ನಿಲ್ಲುವಂಥದು. ಮಾತಿನೊಡನೆ ಸಾಧನವನ್ನೂ ಒದಗಿಸಿದರು. ಗಂಟಲುನೋವಿಗೆ ಬ್ಯಾಕ್ಟೀರಿಯಾ ಕಾರಣವೋ ಅಲ್ಲವೋ ಎಂದು ಕೆಲವೇ ನಿಮಿಷಗಳಲ್ಲಿ ತಿಳಿಸುವ ಪರೀಕ್ಷೆಯನ್ನು ಆರೋಗ್ಯವಿಮಾ ಸಂಸ್ಥೆಯು ವೈದ್ಯರಿಗೆ ಉಚಿತವಾಗಿ ಕೊಟ್ಟಿತು. ಹೀಗೆ ಸರ್ಕಾರ, ವಿಮೆ, ವೈದ್ಯರು, ತಂದೆತಾಯಿಗಳು ಒಂದೇ ಸ್ವರ ಹಿಡಿದರು. ಐದು ವರ್ಷಗಳಲ್ಲಿ ಚಳಿಗಾಲದ ಆಂಟಿಬಯಾಟಿಕ್ ಚೀಟಿಗಳು ನೂರಕ್ಕೆ 26ರಷ್ಟು ಇಳಿದುವು. 6ರಿಂದ 15 ವಯಸ್ಸಿನ ಮಕ್ಕಳಲ್ಲಿ ಇಳಿತ ನೂರಕ್ಕೆ 35ನ್ನು ಮೀರಿತು. ಆದರೆ 2010ರ ಅನಂತರ ಕೆಲವು ವರ್ಷ ಬಳಕೆ ಮತ್ತೆ ಏರಿತು. ಒಮ್ಮೆ ಸಾರಿ ಸುಮ್ಮನಾದರೆ ಸಾಲದೆಂಬುದಕ್ಕೆ ಇದೇ ಪಾಠ.

ನಮ್ಮ ದೇಶದಲ್ಲಿಯೂ ಕೇಂದ್ರ ಆರೋಗ್ಯ ಇಲಾಖೆಯು 2016ರಲ್ಲಿ ಕೆಂಪು ಗೆರೆಯ ಪ್ರಚಾರವನ್ನು ಆರಂಭಿಸಿತು. ಗುಳಿಗೆಯ ಪಟ್ಟಿಯ ಮೇಲೆ ಉದ್ದನೆಯ ಕೆಂಪು ಗೆರೆಯಿದ್ದರೆ ವೈದ್ಯರ ಚೀಟಿಯಿಲ್ಲದೆ ಸೇವಿಸಕೂಡದೆಂದರ್ಥ. ಓದು ಬಾರದವರಿಗೂ ಕಾಣುವ ಗುರುತು ಅದು. ಆದರೆ ಗೆರೆ ತಾನಾಗಿ ಮಾತನಾಡಲಾರದು. ಅದಕ್ಕೆ ಬಾಯಾಗಬೇಕಾದವರು ನಾವು. ಮಹಿಳಾ ಸಮಾಜದಲ್ಲಿ, ಶಾಲೆಯ ಪೋಷಕರ ಸಭೆಯಲ್ಲಿ ಈ ಗೆರೆಯನ್ನು ತೋರಿಸಿರಿ. ಊರಿನ ವೈದ್ಯರನ್ನೂ ಅಂಗಡಿಯವರನ್ನೂ ಆ ಸಭೆಗೆ ಕರೆಯಿರಿ. "ಈ ಔಷಧ ಅವಶ್ಯವೇ?" ಎಂದು ವೈದ್ಯರನ್ನು ವಿನಯದಿಂದ ಕೇಳಿರಿ. ಅವಶ್ಯವೆಂದು ಅವರು ಹೇಳಿದಲ್ಲಿ ಅಂಜದೆ, ಹೇಳಿದ ಪ್ರಮಾಣದಲ್ಲಿ, ಹೇಳಿದಷ್ಟು ದಿನ ಕೊಡಿರಿ. ಒಬ್ಬರಿಗೆ ಬರೆದುದನ್ನು ಇನ್ನೊಬ್ಬರಿಗೆ ಕೊಡಬೇಡಿರಿ.

ಅಂದು ನಾವು ಆ ತಾಯಿಯೊಡನೆ ವೈದ್ಯರಲ್ಲಿಗೆ ಹೋದೆವು. ಅವರು ಮಗುವನ್ನು ಪರೀಕ್ಷಿಸಿ, ಆಂಟಿಬಯಾಟಿಕ್ ಬೇಡವೆಂದರು. ಮಗು ಗುಣಹೊಂದಿತು, ತಾಯಿಯ ಮುನಿಸು ಇಳಿಯಲು ಮಾತ್ರ ಇನ್ನಷ್ಟು ದಿನ ಬೇಕಾದುವು. ಒಬ್ಬಳು ಇಲ್ಲವೆಂದರೆ ಅದು ಜಿಪುಣತನವಾಗಿ ಕಾಣುವುದು. ಕೇರಿಯೆಲ್ಲ ಇಲ್ಲವೆಂದರೆ ಅದೇ ಪದ್ಧತಿಯಾಗುವುದು. ಆ ಪದ್ಧತಿ ನಮ್ಮ ಓದುಗರ ಮನೆಗಳಿಂದಲೇ ಮೊದಲಾಗಲೆಂದು ಹಾರೈಸುತ್ತೇವೆ.